ಹಳೆಯ ಜೀಪು ಖರೀದಿ: ಕೇಳಿದ ಬೆಲೆ ಮತ್ತು ನಿಜವಾದ ಬೆಲೆ

ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ಹಾಗೂ ಪೀಣ್ಯ ಭಾಗದ ಸಣ್ಣ ಉದ್ಯಮಗಳ ವ್ಯವಹಾರವು ನಗರದ ಡಾಂಬರು ರಸ್ತೆಗಷ್ಟೇ ಸೀಮಿತವಾಗಿಲ್ಲ. ಪಂಪು, ಜನರೇಟರ್ ಹಾಗೂ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಅಥವಾ ಮಾರುವ ಸಂಸ್ಥೆಗಳು ಮಾಗಡಿ, ರಾಮನಗರ ಕಡೆಯ ಜಮೀನು ಹಾಗೂ ಕಲ್ಲುಗಣಿಗಳಿಗೂ, ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೂ ತಮ್ಮ ಸಿಬ್ಬಂದಿಯನ್ನು ಕಳುಹಿಸಬೇಕಾಗುತ್ತದೆ. ಮಳೆಗಾಲದ ಕೆಸರು ದಾರಿಯಲ್ಲಿ ಸಾಮಾನ್ಯ ಕಾರು ನಿರುಪಯುಕ್ತ. ಹೊಸ ಫೋರ್ ವೀಲ್ ಡ್ರೈವ್ ವಾಹನಕ್ಕೆ ತೊಡಗಿಸುವ ಹಣವು ದುಡಿಯುವ ಬಂಡವಾಳವನ್ನೇ ಕಟ್ಟಿಹಾಕುತ್ತದೆ. ಆದ್ದರಿಂದ ಹತ್ತು-ಹದಿನೈದು ವರ್ಷ ಹಳೆಯ ವಾಹನದ ಕಡೆಗೆ ಉದ್ಯಮಿಯ ಗಮನ ಹರಿಯುವುದು ಸಹಜ.

ಇಂತಹ ಖರೀದಿಯಲ್ಲಿ ನಷ್ಟವಾಗುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. ಮಾರುವವರು ಕೇಳಿದ ಬೆಲೆಯನ್ನೇ ವಾಹನದ ಬೆಲೆ ಎಂದು ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ಲೆಕ್ಕದ ಮೊದಲನೆಯ ಸಾಲು ಮಾತ್ರ. ದಾಖಲೆಗಳ ಪರಿಶೀಲನೆ, ಯಂತ್ರದ ಪರಿಶೀಲನೆ ಮತ್ತು ಒಟ್ಟು ವೆಚ್ಚದ ಲೆಕ್ಕ ಎಂಬ ಮೂರನ್ನೂ ಮುಗಿಸಿದ ಮೇಲಷ್ಟೇ ನಿಜವಾದ ಬೆಲೆ ತಿಳಿಯುತ್ತದೆ. ಈ ಮೂರರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮಾದರಿಯ ಆಯ್ಕೆ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವುದು 2010ರಲ್ಲಿ ಬಿಡುಗಡೆಯಾದ ಮೊದಲ ತಲೆಮಾರಿನ ಮಹೀಂದ್ರ ಥಾರ್, ಅದಕ್ಕೂ ಹಿಂದಿನ ಎಂಎಂ 540 ಜೀಪು ಹಾಗೂ 1985ರಿಂದ ತಯಾರಾದ ಮಾರುತಿ ಜಿಪ್ಸಿ. ಹೊರರೂಪ ನೋಡಿ ನಿರ್ಧರಿಸಬಾರದು. ಮೊದಲ ಥಾರ್‌ನ ಡಿಐ ಮಾದರಿಯು ಟೂ ವೀಲ್ ಡ್ರೈವ್‌ನಲ್ಲೂ ಮಾರಾಟವಾಗಿದೆ. ಬೊಲೆರೊ ವಾಹನಗಳಲ್ಲಿ ಬಹುಪಾಲು ಟೂ ವೀಲ್ ಡ್ರೈವ್‌ನವು. ಜಿಪ್ಸಿಯ ನಾಗರಿಕ ಮಾರಾಟ 2019ರ ಹೊತ್ತಿಗೆ ನಿಂತಿದೆ. ತಯಾರಿಕೆ ನಿಂತ ಮಾದರಿಯನ್ನು ಕೊಳ್ಳುವ ಮುನ್ನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕ್ಲಚ್, ಬ್ರೇಕ್ ಮತ್ತು ಟ್ರಾನ್ಸ್‌ಫರ್ ಕೇಸಿನ ಭಾಗಗಳ ಲಭ್ಯತೆಯನ್ನೂ ಬೆಲೆಯನ್ನೂ ವಿಚಾರಿಸುವುದು ಲೇಸು.

ದಾಖಲೆಗಳ ಪರಿಶೀಲನೆ

1. ನೋಂದಣಿಯ ಅವಧಿ: ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ ಸಿಂಧು. ಅನಂತರ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2012ರಲ್ಲಿ ನೋಂದಣಿಯಾದ ಥಾರ್‌ನ ಅವಧಿ 2027ಕ್ಕೆ ಮುಗಿಯುತ್ತದೆ. ಕಾರುಗಳ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. 20 ವರ್ಷ ಮೀರಿದ ಲಘು ವಾಹನಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ. ನಿಗದಿಯಾಯಿತು. ಖರೀದಿಯ ದಿನದ ದರವನ್ನು ಸಾರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಶುಲ್ಕಕ್ಕಿಂತಲೂ ತಪಾಸಣೆಗೆ ವಾಹನವನ್ನು ಸಿದ್ಧಪಡಿಸುವ ವೆಚ್ಚವೇ ದೊಡ್ಡದು.

2. ಚಾಸಿ ಮತ್ತು ಎಂಜಿನ್ ಸಂಖ್ಯೆ: ಆರ್.ಸಿ.ಯಲ್ಲಿರುವ ಸಂಖ್ಯೆಗಳನ್ನು ವಾಹನದ ಮೇಲೆ ಅಚ್ಚಾದ ಸಂಖ್ಯೆಗಳೊಂದಿಗೆ ಅಂಕಿಗೆ ಅಂಕಿ ತಾಳೆ ನೋಡಬೇಕು. ಹಳೆಯ ಜೀಪುಗಳಲ್ಲಿ ಬೇರೆ ಎಂಜಿನ್ ಕೂರಿಸುವುದು, ಬಾಡಿ ಬದಲಿಸುವುದು ಅಪರೂಪವಲ್ಲ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಆಕರ್ಷಕವಾಗಿ ಕಾಣುವ ಅಗಲ ಟೈರು, ಎತ್ತರಿಸಿದ ಸಸ್ಪೆನ್ಶನ್‌ಗಳು ತಪಾಸಣೆಯ ದಿನ ತೊಡಕಾಗಬಹುದು.

3. ಸಾಲದ ನಮೂದು: ಆರ್.ಸಿ.ಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್ ಇದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35 ಅಗತ್ಯ. ‘ಸಾಲ ಮುಗಿದಿದೆ’ ಎಂಬ ಬಾಯಿಮಾತು ಸಾಲದು. ವಾಹನ್ ಜಾಲತಾಣದಲ್ಲಿ ನೋಂದಣಿ, ವಿಮೆ, ಬಾಕಿ ದಂಡಗಳನ್ನೂ ನೋಡಿಕೊಳ್ಳಬೇಕು.

4. ಹೊರ ರಾಜ್ಯದ ವಾಹನ: ದೆಹಲಿ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು; 2025ರಲ್ಲಿ ಅದನ್ನು ಭಾಗಶಃ ಸಡಿಲಿಸಿತು. ಆ ಭಾಗದ ವಾಹನಗಳು ಅಗ್ಗವಾಗಿ ಕಂಡರೂ, ನಿರಾಕ್ಷೇಪಣಾ ಪತ್ರ ತಂದು, ವಾಹನದ ವಯಸ್ಸಿಗನುಗುಣವಾದ ಜೀವಿತಾವಧಿ ತೆರಿಗೆಯನ್ನು ಕರ್ನಾಟಕದಲ್ಲಿ ಕಟ್ಟಿ, ಹೊಸ ಸಂಖ್ಯೆ ಪಡೆಯಬೇಕಾಗುತ್ತದೆ. ಈ ಮೊತ್ತ ಸೇರಿಸಿದರೆ, ರಾಜಾಜಿನಗರದ ಕೆಎ-02 ಅಥವಾ ಜ್ಞಾನಭಾರತಿಯ ಕೆಎ-41 ಸಂಖ್ಯೆಯ ಸ್ಥಳೀಯ ವಾಹನವೇ ಅಗ್ಗವೆನಿಸಬಹುದು.

5. ಓಡಿದ ಕಿಲೋಮೀಟರ್: ಮೀಟರಿನ ಅಂಕಿಯನ್ನು ಲೆಕ್ಕಪರಿಶೋಧನೆಯಾಗದ ಹೇಳಿಕೆಯೆಂದೇ ಪರಿಗಣಿಸಬೇಕು. ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದೊಂದಿಗೆ ಕಿಲೋಮೀಟರ್ ನಮೂದಿರುತ್ತದೆ. ಅವನ್ನು ಕ್ರಮವಾಗಿ ಜೋಡಿಸಿದಾಗ ಅಂಕಿ ಒಂದೆಡೆ ಹಿಂದಕ್ಕೆ ಹೋಗಿದ್ದರೆ ಬೇರೆ ಸಾಕ್ಷ್ಯ ಬೇಕಿಲ್ಲ. ಬಿಲ್ಲುಗಳೇ ಇಲ್ಲವಾದರೆ ಪೆಡಲ್ ರಬ್ಬರು, ಸ್ಟಿಯರಿಂಗ್ ಹಿಡಿ, ಚಾಲಕನ ಸೀಟಿನ ಸವೆತವನ್ನು ಮೀಟರಿನೊಂದಿಗೆ ಹೋಲಿಸಬೇಕು.

ಯಂತ್ರದ ಪರಿಶೀಲನೆ

ಈ ಕಾರ್ಯಕ್ಕೆ ಮಾರುವವರ ಮೆಕ್ಯಾನಿಕ್‌ನ ಬದಲು ಕೊಳ್ಳುವವರೇ ಆರಿಸಿದ, ಜೀಪುಗಳ ಅನುಭವವಿರುವ ಮೆಕ್ಯಾನಿಕ್ ಬೇಕು. ವಾಹನವನ್ನು ರ‍್ಯಾಂಪಿನ ಮೇಲೇರಿಸಿ ಕೆಳಭಾಗವನ್ನು ನೋಡಲೇಬೇಕು.

ಚಾಸಿ: ಎಂಜಿನ್ ಕೆಟ್ಟರೆ ದುರಸ್ತಿ ಸಾಧ್ಯ, ಚಾಸಿ ಕೊಳೆತರೆ ವಾಹನವೇ ಮುಗಿದಂತೆ. ಸ್ಪ್ರಿಂಗ್ ಪಟ್ಟಿಗಳನ್ನು ಬಿಗಿಯುವ ಜಾಗ ಹಾಗೂ ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಬಿರುಕು ಅಥವಾ ವೆಲ್ಡಿಂಗ್ ಗುರುತು ಇದೆಯೇ ಎಂದು ನೋಡಬೇಕು. ಕೆಳಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅದರಡಿ ತುಕ್ಕಿರುವ ಸಾಧ್ಯತೆ ಇದೆ. ಚಿಕ್ಕ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಕಬ್ಬಿಣದ ನಾದ ಬರಬೇಕು. ಕರಾವಳಿಯಲ್ಲಿ ಓಡಿದ ವಾಹನಗಳಲ್ಲಿ ಉಪ್ಪುಗಾಳಿಯ ಕಾರಣ ಈ ಪರೀಕ್ಷೆ ಇನ್ನಷ್ಟು ಮುಖ್ಯ.

ಎಂಜಿನ್: ಪರೀಕ್ಷೆಯ ದಿನ ಎಂಜಿನ್ ಪೂರ್ಣ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಪ್ರಾರಂಭದ ದೋಷಗಳು ಮರೆಯಾಗುತ್ತವೆ. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿರುವುದನ್ನೂ, ಕಪ್ಪು ಹೊಗೆ ಗಾಳಿಯ ಕೊರತೆ ಅಥವಾ ಹೆಚ್ಚಿನ ಇಂಧನವನ್ನೂ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಸೋರಿಕೆ ಅಥವಾ ಸರಿಯಾಗಿ ಉರಿಯದ ಇಂಧನವನ್ನೂ ಸೂಚಿಸುತ್ತವೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ರಭಸದಿಂದ ಹೊಗೆ ನುಗ್ಗುವುದು ಪಿಸ್ಟನ್ ರಿಂಗುಗಳ ಸವೆತದ ಲಕ್ಷಣ.

ಫೋರ್ ವೀಲ್ ವ್ಯವಸ್ಥೆ: ಹೆಚ್ಚು ಹಣ ಕೊಡುವುದು ಇದಕ್ಕಾಗಿಯೇ; ಪರೀಕ್ಷಿಸದೆ ಬಿಡುವುದೂ ಇದನ್ನೇ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮಧ್ಯದ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರಗಳನ್ನು ಜೋಡಿಸಿ ತಿರುಗಿಸಿದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಆದ್ದರಿಂದ ಮಾಗಡಿ ರಸ್ತೆಯಲ್ಲಿ ನಗರ ದಾಟಿದ ಮೇಲೆ ದೊರೆಯುವ ಯಾವುದಾದರೂ ಮಣ್ಣುದಾರಿಯಲ್ಲಿ ಪರೀಕ್ಷಿಸುವುದು ಸೂಕ್ತ. ಹೈ ಮತ್ತು ಲೋ ಎರಡೂ ಸ್ಥಾನಕ್ಕೆ ಲಿವರ್ ಸರಾಗವಾಗಿ ಬೀಳಬೇಕು; ಏರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಲಿವರ್ ತಾನಾಗಿ ಹೊರಬರಬಾರದು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಆಕ್ಸಲ್‌ಗಳ ಆಯಿಲನ್ನು ಸ್ವಲ್ಪ ತೆಗೆದು ನೋಡಬೇಕು. ಹಾಲಿನ ಬಣ್ಣವಿದ್ದರೆ ನೀರು ಸೇರಿದೆ ಎಂದೂ, ಲೋಹದ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಸವೆದಿದೆ ಎಂದೂ ಅರ್ಥ.

ಟೈರು: ಟೈರಿನ ಬದಿಯಲ್ಲಿರುವ ನಾಲ್ಕಂಕಿ ಸಂಖ್ಯೆ ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತದೆ. 2318 ಎಂದರೆ 2018ರ 23ನೇ ವಾರ. ಹೂವು ಉಳಿದಿದ್ದರೂ ರಬ್ಬರು ಬಿರಿದ ಟೈರು ಬೆಟ್ಟದ ರಸ್ತೆಯಲ್ಲಿ ಪ್ರಾಣಾಪಾಯಕ್ಕೆ ದಾರಿ. ಅದೇ ರೀತಿ ಬ್ರೇಕು ಮತ್ತು ಸ್ಟಿಯರಿಂಗ್ ದೋಷಗಳನ್ನು ಬೆಲೆ ಇಳಿಸುವ ಅಂಶವಾಗಿ ಮಾತ್ರ ನೋಡದೆ, ವಾಹನವನ್ನು ಹೊರಗೆ ಕಳುಹಿಸುವ ಮುನ್ನವೇ ಸರಿಪಡಿಸಬೇಕು. ಅದರಲ್ಲಿ ಕೂರುವವರು ಸಂಸ್ಥೆಯ ನೌಕರರೇ.

ಒಟ್ಟು ವೆಚ್ಚದ ಲೆಕ್ಕ

ಕೆಳಗಿನ ಅಂಕಿಗಳು ವಿಧಾನವನ್ನು ತಿಳಿಸುವ ಉದಾಹರಣೆ ಮಾತ್ರ, ಮಾರುಕಟ್ಟೆಯ ದರಗಳಲ್ಲ.

ಕೇಳಿದ ಬೆಲೆ: ರೂ. 4,00,000
ಟೈರುಗಳು: ರೂ. 40,000
ಕ್ಲಚ್, ಬ್ರೇಕ್: ರೂ. 30,000
ಸ್ಟಿಯರಿಂಗ್, ಸಸ್ಪೆನ್ಶನ್: ರೂ. 25,000
ಆಯಿಲ್ ಸೀಲು, ಆಯಿಲ್ ಬದಲಾವಣೆ: ರೂ. 20,000
ನೋಂದಣಿ ನವೀಕರಣದ ಸಿದ್ಧತೆ: ರೂ. 25,000
ವರ್ಗಾವಣೆ, ಮೊದಲ ವರ್ಷದ ವಿಮೆ: ರೂ. 20,000
ಅನಿರೀಕ್ಷಿತ ದುರಸ್ತಿಗೆ ಮೀಸಲು: ರೂ. 40,000
ಒಟ್ಟು: ರೂ. 6,00,000

ಐದು ವರ್ಷ ಬಳಸಿ ರೂ. 2,00,000ಕ್ಕೆ ಮಾರಬಹುದೆಂದು ಭಾವಿಸಿದರೆ ನಿವ್ವಳ ವೆಚ್ಚ ರೂ. 4,00,000, ಅಂದರೆ ವರ್ಷಕ್ಕೆ ರೂ. 80,000. ವರ್ಷಕ್ಕೆ 100 ದಿನ ಬಳಕೆಯಿದ್ದರೆ ದಿನಕ್ಕೆ ರೂ. 800, ಕೇವಲ 40 ದಿನ ಬಳಕೆಯಿದ್ದರೆ ರೂ. 2,000. ಇಂಧನ, ಚಾಲಕ, ಮುಂದಿನ ವರ್ಷಗಳ ವಿಮೆ ಮತ್ತು ಸಾಮಾನ್ಯ ನಿರ್ವಹಣೆ ಇದರ ಮೇಲೆ. ಈ ಮೊತ್ತವನ್ನು ತೋಟದೂರಿನಲ್ಲೇ ಜೀಪು ಬಾಡಿಗೆಗೆ ಪಡೆಯುವ ದರದೊಂದಿಗೆ ಹೋಲಿಸಬೇಕು. ಬಳಕೆಯ ದಿನಗಳು ಕಡಿಮೆಯಿದ್ದಲ್ಲಿ ಉತ್ತಮ ವಾಹನವನ್ನೂ ಕೊಳ್ಳದಿರುವುದೇ ಲಾಭಕರವಾಗಬಹುದು.

ತೆರಿಗೆಯ ದೃಷ್ಟಿಯಿಂದ ಕೆಲವು ಅಂಶಗಳು ಗಮನಾರ್ಹ. ಬಳಕೆಗೆ ಸಿದ್ಧಪಡಿಸಲು ಆರಂಭದಲ್ಲಿ ಮಾಡಿದ ದುರಸ್ತಿಯ ವೆಚ್ಚ ಆಸ್ತಿಯ ಮೂಲಬೆಲೆಗೆ ಸೇರುತ್ತದೆ. ಆದಾಯ ತೆರಿಗೆಯಲ್ಲಿ ಸವಕಳಿ ಸಾಮಾನ್ಯವಾಗಿ ಶೇ. 15, ಖರೀದಿಯ ವರ್ಷದಲ್ಲಿ ಬಳಕೆ 180 ದಿನಕ್ಕಿಂತ ಕಡಿಮೆಯಿದ್ದರೆ ಅದರ ಅರ್ಧ. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದಾಗಿ ಕೊಟ್ಟ ಮೊತ್ತ ಮೂಲಬೆಲೆಗೆ ಸೇರದು. ಚಾಲಕ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನಕ್ಕೆ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ದೊರೆಯದು. ನೋಂದಾಯಿತ ಸಂಸ್ಥೆಯು ಮುಂದೆ ವಾಹನ ಮಾರುವಾಗ, ಸವಕಳಿ ಕಳೆದ ಬೆಲೆಗಿಂತ ಹೆಚ್ಚು ಬಂದ ಮೊತ್ತದ ಮೇಲೆ, 2025ರ ಜನವರಿಯಲ್ಲಿ ಜಾರಿಯಾದಂತೆ, ಶೇ. 18 ಜಿ.ಎಸ್.ಟಿ. ಬರುತ್ತದೆ. ಸವಕಳಿ ಪಡೆದ ವಾಹನದ ಹೆಚ್ಚುವರಿಯನ್ನು ಕೊಂಡ ಬೆಲೆಯಿಂದ ಲೆಕ್ಕಹಾಕುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಪಾವತಿ ಮತ್ತು ವರ್ಗಾವಣೆ

ವಾಹನವನ್ನು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಬ್ಯಾಂಕ್ ಖಾತೆಯಿಂದಲೇ ಕೊಳ್ಳುವುದು ಲೆಕ್ಕಕ್ಕೂ ಕಾನೂನಿಗೂ ಸುಗಮ. ನಮೂನೆ 29 ಮತ್ತು 30ಕ್ಕೆ ಸಹಿಯಾದ ದಿನವೇ ದಿನಾಂಕ, ಸಮಯ, ಕಿಲೋಮೀಟರ್ ನಮೂದಿಸಿದ ಹಸ್ತಾಂತರ ಪತ್ರ ಬರೆಸಿಕೊಳ್ಳಬೇಕು. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ವಿಮಾ ಕಂಪನಿಗೆ 14 ದಿನದೊಳಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ತಮ್ಮ ಹಳೆಯ ವಾಹನವನ್ನು ಮಾರುವ ಉದ್ಯಮಿಗಳಿಗೂ ಈ ಎಚ್ಚರ ಅಷ್ಟೇ ಅಗತ್ಯ.

ದಾಖಲೆ ಹೇಳುವುದನ್ನು ಕಬ್ಬಿಣ ಸಮರ್ಥಿಸಬೇಕು. ಎರಡನ್ನೂ ಲೆಕ್ಕ ಒಪ್ಪಬೇಕು. ತಣ್ಣನೆಯ ಎಂಜಿನ್ ತೋರಿಸಲು, ರ‍್ಯಾಂಪಿಗೆ ಏರಿಸಲು ಅಥವಾ ಮೂಲ ಆರ್.ಸಿ. ಕೊಡಲು ಮಾರುವವರು ಹಿಂಜರಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಜಾಣತನ. ಪರಿಶೀಲನೆಗೆ ತಗಲುವ ಒಂದು ದಿನ ಮತ್ತು ಮೆಕ್ಯಾನಿಕ್‌ನ ಶುಲ್ಕ, ಕೈತಪ್ಪಬಹುದಾದ ಲಕ್ಷಾಂತರ ರೂಪಾಯಿಗಳ ಮುಂದೆ ಅತ್ಯಲ್ಪ.