ಐದು ಕ್ರೋನಿನ ಬೆನ್ನು ಹತ್ತಿ

ನಮ್ಮ ಭಾವ ಮರ್ಚೆಂಟ್ ನೇವಿಯಲ್ಲಿದ್ದರು. ಹಡಗು ಯಾವ ಬಂದರಿಗೆ ಹೋದರೂ ಅಲ್ಲಿಯ ಒಂದು ನೋಟನ್ನು ನನಗೆಂದು ಎತ್ತಿಡುತ್ತಿದ್ದರು. 2003ರಲ್ಲಿ ರಜೆಗೆ ಹೊನ್ನಾವರಕ್ಕೆ ಬಂದವರು ಪರ್ಸಿನಿಂದ ನಾಲ್ಕು ಮಡಿಕೆಯ ಒಂದು ನೋಟು ತೆಗೆದು, "ತಾಲಿನ್‌ನಲ್ಲಿ ಕಾಫಿ ಕುಡಿದು ಉಳಿದದ್ದು. ಯಾರೋ ಮೇಷ್ಟ್ರ ಹಾಗಿದ್ದಾರೆ ನೋಡು" ಎಂದು ಕೈಗಿತ್ತರು. ಎಸ್ಟೋನಿಯಾದ ಐದು ಕ್ರೋನ್ ಅದು. ಚಿತ್ರದ ಬಳಿಯಿದ್ದ ಹೆಸರು ಓದಿ ನನಗೆ ಮೈ ಜುಮ್ಮೆಂದಿತು: ಪೌಲ್ ಕೆರೆಸ್. ಕಾಲೇಜಿನಲ್ಲಿ ಚೆಸ್ ಆಡುತ್ತಿದ್ದ ದಿನಗಳಲ್ಲಿ ಸಿಸಿಲಿಯನ್ ಡಿಫೆನ್ಸ್‌ ವಿರುದ್ಧ 'ಕೆರೆಸ್ ಅಟ್ಯಾಕ್' ಕಲಿತು ಎಷ್ಟೋ ಸಂಜೆ ಅದರಲ್ಲೇ ಕಳೆದಿದ್ದೆ. ಆ ಹೆಸರಿನ ಹಿಂದೆ ಒಂದು ದೇಶ ಇದೆ, ಆ ದೇಶ ತನ್ನ ಆಟಗಾರನನ್ನು ದುಡ್ಡಿನ ಮೇಲೆ ಕೂರಿಸಿದೆ ಎಂಬುದು ಆವತ್ತಿನವರೆಗೂ ತಿಳಿದಿರಲಿಲ್ಲ.

ಅಲ್ಲಿಂದ ಎಸ್ಟೋನಿಯಾದ ನೋಟುಗಳ ಬೆನ್ನು ಹತ್ತಿದೆ. ಆತುರಪಟ್ಟೆ. ಮಡಿಕೆ ಬಿದ್ದ ಕೆರೆಸ್ ನೋಟನ್ನು ಪುಸ್ತಕದೊಳಗಿಟ್ಟು ಮರೆತು, ಗರಿಗರಿ ನೋಟುಗಳೇ ಬೇಕೆಂದು ಹುಡುಕತೊಡಗಿದೆ. ಒಂದು ನಾಣ್ಯ ಪ್ರದರ್ಶನದಲ್ಲಿ ವ್ಯಾಪಾರಿಯೊಬ್ಬರು 1991 ಎಂದು ಅಚ್ಚಾಗಿದ್ದ ನೋಟುಗಳನ್ನು ತೋರಿಸಿ, "ಸ್ವಾತಂತ್ರ್ಯ ಬಂದ ದಿನವೇ ಬಿಟ್ಟ ನೋಟು, ಇನ್ನು ಸಿಗುವುದಿಲ್ಲ" ಎಂದರು. ಎಸ್ಟೋನಿಯಾ ಮತ್ತೆ ಸ್ವತಂತ್ರವಾದದ್ದು 1991ರ ಆಗಸ್ಟ್ 20ರಂದು ಎಂದು ನನಗೆ ಗೊತ್ತಿತ್ತು. ವರ್ಷ ತಾಳೆಯಾಯಿತಲ್ಲ ಎಂದು ಕೇಳಿದಷ್ಟು ಕೊಟ್ಟೆ.

ನೋಟಿನ ಮೇಲಿನ ವರ್ಷ ಬೇರೆ, ಅದು ಜನರ ಕೈಗೆ ಬಂದ ದಿನ ಬೇರೆ. ಈ ಪಾಠಕ್ಕೆ ನಾನು ತೆತ್ತ ಬೆಲೆ ದೊಡ್ಡದೇ, ಆದರೆ ಅದರ ಹಿಂದೆ ಸಿಕ್ಕಿದ ಕಥೆ ಅದಕ್ಕಿಂತ ದೊಡ್ಡದು. ಸ್ವಾತಂತ್ರ್ಯ ಬಂದ ಮೇಲೂ ಹತ್ತು ತಿಂಗಳು ಎಸ್ಟೋನಿಯಾದ ಜನ ರೂಬಲ್‌ನಲ್ಲೇ ವ್ಯವಹಾರ ನಡೆಸಿದರು. ರೂಬಲ್ ಅಚ್ಚಾಗುತ್ತಿದ್ದದ್ದು ರಷ್ಯಾದಲ್ಲಿ. 1992ರ ಆರಂಭದಲ್ಲಿ ಬೆಲೆಗಳು ಗಗನಕ್ಕೇರಿದವು. ಸಂಬಳ ಕೊಡೋಣವೆಂದರೆ ನೋಟುಗಳೇ ಇಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ಅಚ್ಚಾದ ಹೊಸ ಕ್ರೋನ್ ನೋಟುಗಳು ಚಲಾವಣೆಗೆ ಬಂದದ್ದು 1992ರ ಜೂನ್ 20ರಂದು. ಮೂರು ದಿನ ವಿನಿಮಯ ನಡೆಯಿತು. ಹತ್ತು ರೂಬಲ್‌ಗೆ ಒಂದು ಕ್ರೋನ್, ತಲೆಗೆ 1,500 ರೂಬಲ್‌ವರೆಗೆ. ಅಂದರೆ ಒಬ್ಬೊಬ್ಬರು 150 ಕ್ರೋನ್ ಹಿಡಿದು ಹೊಸ ದೇಶದ ಹೊಸ ಲೆಕ್ಕ ಶುರು ಮಾಡಿದರು. ಹಿಂದಿನ ಸೋವಿಯತ್ ಗಣರಾಜ್ಯಗಳಲ್ಲಿ ರೂಬಲ್ ಬಿಟ್ಟು ಸ್ವಂತ ಹಣಕ್ಕೆ ಹೊರಳಿದ್ದು ಎಸ್ಟೋನಿಯಾವೇ ಮೊದಲು. ಎಂಟು ಕ್ರೋನ್‌ಗೆ ಒಂದು ಜರ್ಮನ್ ಮಾರ್ಕ್ ಎಂದು ದರ ಕಟ್ಟಿದರು. 1940ರಲ್ಲಿ ಸೋವಿಯತ್ ಸೇನೆ ಬರುವ ಮೊದಲು ಇಂಗ್ಲೆಂಡ್, ಸ್ವೀಡನ್‌ಗಳ ಬ್ಯಾಂಕುಗಳಲ್ಲಿ ಇರಿಸಿದ್ದ ಚಿನ್ನ ಅರ್ಧ ಶತಮಾನದ ಮೇಲೆ ಮರಳಿ ಬಂದು ಆ ಹಣಕ್ಕೆ ಆಧಾರವಾಯಿತು.

ಇದನ್ನೆಲ್ಲ ತಿಳಿದ ಮೇಲೆ ಹಳೆಯ ಪುಸ್ತಕದಿಂದ ಭಾವನ ನೋಟು ಹೊರಗೆ ತೆಗೆದೆ. ಮೊದಲ ಬಾರಿಗೆ ಅದರ ಹಿಂಬದಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ನಡುವೆ ಒಂದು ಹೊಳೆ. ಈ ದಡದಲ್ಲಿ ಎತ್ತರದ ಗೋಪುರದ ಒಂದು ಕೋಟೆ, ಆ ದಡದಲ್ಲಿ ಉದ್ದ ಗೋಡೆಯ ಇನ್ನೊಂದು. ಈಚಿನದು ನಾರ್ವಾದ ಹರ್ಮನ್ ಕೋಟೆ, ಆಚಿನದು ಇವಾನ್‌ಗೊರೊದ್. ನಡುವಿನ ನಾರ್ವಾ ಹೊಳೆಯೇ ಗಡಿ, ದಾಟಿದರೆ ರಷ್ಯಾ. ಕೆರೆಸ್ 1916ರಲ್ಲಿ ಹುಟ್ಟಿದ್ದು ಇದೇ ನಾರ್ವಾದಲ್ಲಿ. ಆತ ಗೆದ್ದ ದೊಡ್ಡ ಟೂರ್ನಿಗಳಲ್ಲಿ ಎಷ್ಟೋ ಸೋವಿಯತ್ ಬಾವುಟದಡಿ ಆಡಿದವು. ವಿಶ್ವ ಚಾಂಪಿಯನ್ ಪಟ್ಟದ ಹೊಸ್ತಿಲವರೆಗೆ ಮತ್ತೆ ಮತ್ತೆ ಹೋಗಿ, ಒಳಗೆ ಕಾಲಿಡಲಾಗದೆ 1975ರಲ್ಲಿ ತೀರಿಕೊಂಡರು. ಎದುರುಬದುರು ನಿಂತ ಎರಡು ಕೋಟೆಗಳನ್ನು ಚೆಸ್ ಆಟಗಾರನ ಬೆನ್ನಿಗಿಟ್ಟ ಕಲಾವಿದನಿಗೆ ಮನಸ್ಸಿನಲ್ಲೇ ಕೈಮುಗಿದೆ. ಭಾವನ ನೋಟಿನ ನಟ್ಟನಡುವಿನ ಮಡಿಕೆ ಸರಿಯಾಗಿ ಆ ಹೊಳೆಯ ಮೇಲೆಯೇ ಬಿದ್ದಿತ್ತು. ಯಾರ ಯಾರ ಜೇಬಿನಲ್ಲಿ ತಿರುಗಿತ್ತೋ! ಗರಿಗರಿ ನೋಟು ಇದನ್ನು ಕೊಡಲಾರದು.

ಆಮೇಲೆ ಉಳಿದ ನೋಟುಗಳನ್ನೂ ಹೀಗೇ ಓದತೊಡಗಿದೆ. ರಾಜರಿಲ್ಲ, ಸೇನಾಪತಿಗಳಿಲ್ಲ. ಎರಡು ಕ್ರೋನಿನಲ್ಲಿ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್, ಹತ್ತರಲ್ಲಿ ಹಳ್ಳಿಹಳ್ಳಿಯಿಂದ ಜನಪದ ಹಾಡುಗಳನ್ನು ಕೂಡಿಸಿದ ಯಾಕೊಬ್ ಹುರ್ತ್, ಇಪ್ಪತ್ತೈದರಲ್ಲಿ ಕಾದಂಬರಿಕಾರ ತಮ್ಸಾರೆ, ನೂರರಲ್ಲಿ ಕವಯಿತ್ರಿ ಲಿಡಿಯಾ ಕೊಯ್ದುಲಾ. ಹತ್ತರ ಹಿಂಬದಿಯಲ್ಲಿರುವುದು ಒಂದು ಮುದಿ ಓಕ್ ಮರ. ಸಾಲಾಗಿ ಜೋಡಿಸಿದಾಗ, ಈ ದೇಶ ಪರರ ಆಳ್ವಿಕೆಯಲ್ಲಿ ಉಳಿದುಕೊಂಡದ್ದು ಭಾಷೆಯಿಂದ, ಹಾಡಿನಿಂದ ಎಂಬುದು ಎದ್ದು ಕಂಡಿತು. ಕನ್ನಡದ ಓದುಗನಿಗೆ ಇದು ತಟ್ಟದೆ ಇರದು.

ಇನ್ನೊಂದು ತಪ್ಪು ಮಾಡಿದೆ, ಅದು ಇವತ್ತಿಗೂ ನೋಯಿಸುತ್ತದೆ. ನಮ್ಮ ಕರಾವಳಿಯ ಮಳೆಗಾಲ ಎಂಥದ್ದೆಂದು ಗೊತ್ತಿದ್ದೂ, ನೋಟುಗಳನ್ನು ಸ್ಟೇಷನರಿ ಅಂಗಡಿಯ ಪಿವಿಸಿ ಆಲ್ಬಮ್‌ನಲ್ಲಿ ಹಾಕಿ ಮರದ ಕಪಾಟಿನಲ್ಲಿಟ್ಟೆ. ಆರಿದ್ರಾ ಮಳೆ ಹಿಡಿದು ಆಶ್ಲೇಷ ಮುಗಿಯುವವರೆಗೆ ಬಾಗಿಲು ತೆರೆಯಲಿಲ್ಲ. ತೆರೆದಾಗ ಹಾಳೆಗಳು ಅಂಟಂಟಾಗಿದ್ದವು. ಮೆತ್ತಗಿರಲೆಂದು ಪಿವಿಸಿಗೆ ಬೆರೆಸುವ ರಾಸಾಯನಿಕ ಸೆಕೆಗೆ ಹೊರಬಂದು ಕಾಗದಕ್ಕೆ ಹತ್ತಿಕೊಳ್ಳುತ್ತದೆ. ನೀಲಿ ನೂರು ಕ್ರೋನಿನಲ್ಲಿ ಕೊಯ್ದುಲಾಳ ಕೆನ್ನೆಯ ಪಕ್ಕ ಸಾಸಿವೆಯಷ್ಟು ಮೂರು ಬೂಷ್ಟಿನ ಚುಕ್ಕೆ. ಹತ್ತಿಯಿಂದ ಒರೆಸಲು ಹೋಗಿ ಇನ್ನಷ್ಟು ಕೆಡಿಸಿದೆ. ಕೊಯ್ದುಲಾ ಎಂಬ ಕಾವ್ಯನಾಮಕ್ಕೆ ಬೆಳಗಿನವಳು ಎಂದರ್ಥ. ಸೋವಿಯತ್ ಕಾಲದಲ್ಲಿ ಜನ ಎದೆತುಂಬಿ ಹಾಡುತ್ತಿದ್ದ ನಾಡಗೀತೆ ಅವಳದು. ಅಂಥವಳ ಮುಖ ನನ್ನ ಉದಾಸೀನದಿಂದ ಮಾಸಿತು.

ಈಗ ಪಾಲಿಯೆಸ್ಟರ್ ಲಕೋಟೆ ಬಳಸುತ್ತೇನೆ. ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಬದಲಿಸುತ್ತೇನೆ. ಹೊಸದಾಗಿ ಸಂಗ್ರಹ ಆರಂಭಿಸುವವರಿಗೆ ನನ್ನ ವಿನಂತಿ ಇಷ್ಟೆ: ನೋಟನ್ನು ತೊಳೆಯಬೇಡಿ, ಒರೆಸಬೇಡಿ, ಇಸ್ತ್ರಿ ಮಾಡಬೇಡಿ. ಇಸ್ತ್ರಿಯಿಂದ ಮಡಿಕೆ ಹೋಗುವುದಿಲ್ಲ, ಕಾಗದದ ಜೀವ ಹೋಗುತ್ತದೆ. ಹತ್ತು ದೇಶಗಳ ಹಿಂದೆ ಓಡುವ ಬದಲು ಒಂದೇ ದೇಶ ಹಿಡಿಯಿರಿ, ಕೊಳ್ಳುವ ಮುನ್ನ ಅದರ ಚರಿತ್ರೆ ಓದಿ.

ಎಸ್ಟೋನಿಯಾ 2011ರ ಜನವರಿ 1ರಿಂದ ಯೂರೋ ಬಳಸುತ್ತಿದೆ. ಮೊನ್ನೆ ಆ ಚುಕ್ಕೆಬಿದ್ದ ನೂರು ಕ್ರೋನನ್ನು ಒಬ್ಬ ವ್ಯಾಪಾರಿಗೆ ತೋರಿಸಿದಾಗ, ಇದಕ್ಕೆ ಬೆಲೆಯಿಲ್ಲ ಎಂದರು. ಆದರೆ ಎಸ್ಟೋನಿಯಾದ ಕೇಂದ್ರ ಬ್ಯಾಂಕು ಹಳೆಯ ಕ್ರೋನ್‌ಗಳನ್ನು ಯೂರೋಗೆ 15.6466ರ ದರದಲ್ಲಿ, ಗಡುವಿಲ್ಲದೆ ಬದಲಿಸಿಕೊಡುತ್ತದೆ. ನೂರು ಕ್ರೋನ್‌ಗೆ ಅಲ್ಲಿ 6 ಯೂರೋ 39 ಸೆಂಟ್.