ದನಗಾರನ ಬಾಳು

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, “ಸರ್, ಕೌಬಾಯ್ ಅಂದರೆ ಕನ್ನಡದಲ್ಲಿ ಏನು?” ಎಂದು ನಮ್ಮನ್ನು ಕೇಳಿದನು. ಟೋಪಿ, ಕುದುರೆ, ಪಿಸ್ತೂಲು, ಇಷ್ಟನ್ನು ಅವನು ಸಿನಿಮಾದಲ್ಲಿ ನೋಡಿದ್ದನು. ಪಿಸ್ತೂಲನ್ನು ಪಕ್ಕಕ್ಕಿಟ್ಟರೆ ಉಳಿಯುವವನು ದನಗಾರನೇ ಎಂದು ನಾವು ಉತ್ತರ ಕೊಟ್ಟಾಗ ತರಗತಿಯೆಲ್ಲ ನಕ್ಕಿತು. ಆ ನಗು ನಮ್ಮ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಏಕೆಂದರೆ ನಕ್ಕವರಲ್ಲಿ ಅರ್ಧ ಜನ ಮಕ್ಕಳು ಬೆಳಗ್ಗೆ ಸಗಣಿ ಬಳಿದು, ದನಕ್ಕೆ ನೀರು ತೋರಿಸಿ ಶಾಲೆಗೆ ಬರುವವರೇ.

ಅಮೆರಿಕದ ದನಗಾರರಿಗೆ ಈ ಕಸುಬನ್ನು ಕಲಿಸಿದವರು ಸ್ಪ್ಯಾನಿಷ್ ಮಾತನಾಡುವ ಮೆಕ್ಸಿಕೋದ ದನಗಾರರು. ಅವರ ಭಾಷೆಯಲ್ಲಿ ‘ವಾಕಾ’ ಎಂದರೆ ಆಕಳು, ‘ವಾಕೇರೋ’ ಎಂದರೆ ಆಕಳು ಕಾಯುವವನು. ‘ರೋಡಿಯೋ’ ಎಂಬ ಮಾತಿಗೂ ಮೊದಲಿನ ಅರ್ಥ ಸುತ್ತುವರಿಯುವುದು, ಅಂದರೆ ಬಯಲಿನಲ್ಲಿ ಚದುರಿದ ದನಗಳನ್ನು ಒಂದೆಡೆ ಕೂಡಿಸುವುದು. ದುಡಿಮೆಯ ಆ ಕೌಶಲವೇ ಮುಂದೆ ಪಂದ್ಯವಾಯಿತು. ೧೮೬೫ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನ ದನಗಳನ್ನು ನೂರಾರು ಮೈಲಿ ನಡೆಸಿಕೊಂಡು ಉತ್ತರದ ರೈಲು ನಿಲ್ದಾಣಗಳಿಗೆ ಮುಟ್ಟಿಸುವುದೇ ಈ ಜನರ ಕೆಲಸವಾಗಿತ್ತು. ಮುಳ್ಳುತಂತಿಯ ಬೇಲಿಯೂ ರೈಲೂ ಎಲ್ಲೆಡೆ ಬಂದ ಮೇಲೆ ಆ ದೀರ್ಘ ಪಯಣ ನಿಂತುಹೋಯಿತು.

ಅವರಲ್ಲಿ ಬಿಲ್ ಪಿಕೆಟ್ ಎಂಬವನನ್ನು ಮಕ್ಕಳು ತಿಳಿದಿರಬೇಕು. ೧೮೭೦ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಈ ಕರಿಯ ದನಗಾರನ ತಂದೆತಾಯಿಗಳು ಹಿಂದೆ ಗುಲಾಮರಾಗಿದ್ದವರು. ಓಡುವ ಕುದುರೆಯಿಂದ ಹೋರಿಯ ಮೇಲೆ ಜಿಗಿದು, ಕೋಡು ಹಿಡಿದು, ಅದರ ತುಟಿಯನ್ನು ಹಲ್ಲಿನಿಂದ ಕಚ್ಚಿ ಕೆಡಹುವ ವಿದ್ಯೆ ಅವನದು. ನಾಯಿಗಳು ಹಾಗೆ ದನವನ್ನು ಹಿಡಿಯುವುದನ್ನು ನೋಡಿ ಕಲಿತನಂತೆ. ಮೈಬಣ್ಣದ ಕಾರಣಕ್ಕೆ ಎಷ್ಟೋ ಪಂದ್ಯಗಳಲ್ಲಿ ಅವನಿಗೆ ಪ್ರವೇಶವಿರಲಿಲ್ಲ. ೧೮೯೦ರಲ್ಲಿ ಮದುವೆಯಾಗಿ ಒಂಬತ್ತು ಮಕ್ಕಳ ತಂದೆಯಾದ ಅವನು, ಸಹೋದರರೊಡನೆ ಕೂಡಿ ಕುದುರೆ ಪಳಗಿಸುವ ಕೆಲಸವನ್ನೂ ನಡೆಸಿದನು. ೧೯೩೨ರಲ್ಲಿ ಕುದುರೆಯ ಒದೆತದಿಂದ ತೀರಿಕೊಂಡನು. ಮುಂದೆ ೧೯೯೪ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವನ ಹೆಸರಿನಲ್ಲಿ ಅಂಚೆಚೀಟಿ ತರಹೊರಟಾಗ ಅಚ್ಚಾದದ್ದು ಅವನ ಸಹೋದರ ಬೆನ್ನನ ಚಿತ್ರ! ಮನೆತನದವರು ಗುರುತಿಸಿ ಹೇಳಿದ ಮೇಲೆ ಚೀಟಿಗಳನ್ನು ಹಿಂದಕ್ಕೆ ಪಡೆದು ಮತ್ತೆ ಅಚ್ಚುಹಾಕಿದರು.

ಇನ್ನು ನಮ್ಮ ನೆಲಕ್ಕೆ ಬರೋಣ. ೧೯೫೬ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಗೆರೆ ಬದಲಾಯಿತು, ಹಟ್ಟಿಯ ದನ ಬದಲಾಗಲಿಲ್ಲ. ಈ ಭಾಗದ ಹೆಸರಾದ ತಳಿ ದೇವಣಿ. ಲಾತೂರು ಜಿಲ್ಲೆಯ ದೇವಣಿ ಎಂಬ ಊರಿನಿಂದ ಬಂದ ಹೆಸರು. ಮೈಯೆಲ್ಲ ಬಿಳಿ, ಮುಖದ ಪಕ್ಕ ಮಾತ್ರ ಕಪ್ಪಾದರೆ ವಾನೇರಾ. ಹೊಟ್ಟೆಯ ಕೆಳಗೆ ಕರಿಮಚ್ಚೆಗಳಿದ್ದರೆ ಬಾಲಂಕ್ಯಾ. ಮೈತುಂಬ ಮಚ್ಚೆಗಳಿದ್ದರೆ ಶೇವೇರಾ. ಹಾಲಿಗೂ ಆಗುತ್ತದೆ, ನೊಗಕ್ಕೂ ಆಗುತ್ತದೆ.

ನಮ್ಮ ರೋಡಿಯೋ ಎಂದರೆ ಕಾರಹುಣ್ಣಿಮೆ. ಜ್ಯೇಷ್ಠ ಮಾಸದ ಈ ಹುಣ್ಣಿಮೆಯನ್ನು ತೆಲುಗಿನವರು ಏರುವಾಕ ಎನ್ನುತ್ತಾರೆ. ದಿನವೊಂದೇ, ಎತ್ತೂ ಒಂದೇ. ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ, ಗೆಜ್ಜೆಸರ ಕಟ್ಟುತ್ತಾರೆ. ಸಂಜೆ ಅಗಸಿಯಲ್ಲಿ ಬೇವಿನ ತೊಪ್ಪಲಿನ ಹಗ್ಗವನ್ನು ಅಡ್ಡ ಕಟ್ಟಿ ಎತ್ತುಗಳನ್ನು ಓಡಿಸುವುದೇ ಕರಿ ಹರಿಯುವುದು. ಬಿಳಿಯ ಎತ್ತು ಮೊದಲು ಹರಿದರೆ ಹಿಂಗಾರಿ ಚೆನ್ನ, ಕಂದು ಎತ್ತು ಹರಿದರೆ ಮುಂಗಾರಿ ಚೆನ್ನ ಎಂದು ನಂಬಿಕೆ. ಓಡಿಸುವ ಹುರುಪಿನಲ್ಲಿ ಬಾಲ ತಿರುಚುವವರನ್ನೂ ಬಾರಕೋಲಿನಿಂದ ಹೊಡೆಯುವವರನ್ನೂ ನಾವು ಕಂಡಿದ್ದೇವೆ. ಅಂಥವರು ವರ್ಷವೆಲ್ಲ ಎತ್ತು ಕಟ್ಟಿದವರಾಗಿರುವುದಿಲ್ಲ.

ಹಬ್ಬ ಮುಗಿದ ಎರಡು ದಿನಕ್ಕೆ ಆರು ಮಕ್ಕಳೊಡನೆ ನಾವು ನಮ್ಮ ವಿದ್ಯಾರ್ಥಿನಿಯೊಬ್ಬಳ ಮುತ್ಯಾನ ಮನೆಗೆ ಹೋದೆವು. ಮೊದಲು ಅವರು ಎತ್ತಿನ ಬಾಯಿ ಬಿಡಿಸಿ ತೋರಿಸಿದರು. ಮುಂದಿನ ಹಲ್ಲು ಇರುವುದು ಕೆಳಗೆ ಮಾತ್ರ, ಒಟ್ಟು ಎಂಟು. ಎರಡು ವರ್ಷ ದಾಟಿದ ಮೇಲೆ ಹಾಲುಹಲ್ಲು ಜೋಡಿಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುತ್ತವೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಐದು ವರ್ಷದ ಸುಮಾರಿಗೆ ಬಾಯಿ ಕೂಡಿತೆಂದು ಲೆಕ್ಕ. ಮೇಲಿನ ಹಲ್ಲು ಹುಡುಕಿದ ಹುಡುಗನಿಗೆ ಮುತ್ಯಾ ಚೆನ್ನಾಗಿ ನಕ್ಕರು.

ಅವರ ಜೋಡಿಯಲ್ಲಿ ಎಡದ ಎತ್ತು ಹಿಂದೊಮ್ಮೆ ಸತತ ಎರಡು ವರ್ಷ ಕರಿ ಹರಿದಿತ್ತು. ತಾಯಿ ಸತ್ತ ಕರುವನ್ನು ಅಜ್ಜಿ ಬಿದಿರ ಗೊಟ್ಟದಲ್ಲಿ ಹಾಲು ಹಾಕಿ ಬೆಳೆಸಿದ್ದರು. ಮೂರನೆಯ ವರ್ಷ ಮಳೆ ಕೈಕೊಟ್ಟಿತು, ಮಗಳ ಮದುವೆಯೂ ಗೊತ್ತಾಗಿತ್ತು. ವ್ಯಾಪಾರಿ ಬಂದು ಗೆದ್ದ ಎತ್ತಿಗೆ ಮತ್ತೊಂದರ ಎರಡರಷ್ಟು ಬೆಲೆ ಹೇಳಿದನು. ಗಂಡುಮಕ್ಕಳಿಗೆ ಮನಸ್ಸಿರಲಿಲ್ಲ. ಮುತ್ಯಾ ಮಾರಿದರು. “ಊರಾಗ ಹೆಸರು ಮಾರ್ಕೊಂಡ ಅಂದ್ರು. ಎತ್ತು ಓಡೋದು ನೋಡ್ಲಾಕ ಊರೆಲ್ಲಾ ಬರ್ತದ ಸರ್, ಕಣಕಿ ಹಾಕ್ಲಾಕ ಯಾರ್ ಬರ್ತಾರ್ರಿ?” ಎಂದರು. ಕೊಂಡವನು ಹಗ್ಗ ಹಿಡಿದ ದಿನ ಅಜ್ಜಿ ಒಳಗಿನಿಂದ ಹೊರಗೆ ಬರಲಿಲ್ಲವಂತೆ.

ಒಂಟಿ ಎತ್ತಿನಿಂದ ಒಕ್ಕಲುತನ ನಡೆಯದು. ನೆರೆಮನೆಯಲ್ಲಿಯೂ ಒಂದೇ ಎತ್ತು ಉಳಿದಿತ್ತು. ಎರಡನ್ನೂ ಜೋಡಿ ಕಟ್ಟಿ, ಮೂರು ದಿನ ಇವರ ಹೊಲ, ಮೂರು ದಿನ ಅವರ ಹೊಲ ಎಂದು ಎರಡು ಮುಂಗಾರು ಕಳೆದರು. ಆಮೇಲೆ ನಾಲ್ಕು ಹಲ್ಲಿನ ಹೋರಿಯೊಂದನ್ನು ಕೊಂಡರು. ಈಗ ನೇಗಿಲ ಕೆಲಸ ಬಾಡಿಗೆ ಟ್ರಾಕ್ಟರಿನದು. ಕೂರಿಗೆ ಮಾತ್ರ ಎತ್ತಿನಿಂದಲೇ ಎಂದು ಮುತ್ಯಾನ ಹಟ.

ನಮ್ಮ ವಿದ್ಯಾರ್ಥಿನಿ ಮುತ್ಯಾನಿಗೆ ಪಿಕೆಟನ ಕಥೆ ಹೇಳಿದಳು. ತುಟಿ ಕಚ್ಚುವ ವಿದ್ಯೆ ಅವರಿಗೆ ಹಿಡಿಸಲಿಲ್ಲ. “ಪಾಪ, ದನ” ಎಂದರು. ಒಂಬತ್ತು ಮಕ್ಕಳೆಂದಾಗ ಮಾತ್ರ ತಲೆಯೆತ್ತಿ, “ಅವನ ಹೇಣ್ತಿ ಹೆಸರೇನು?” ಎಂದು ಕೇಳಿದರು. ಮ್ಯಾಗಿ ಎಂದೆವು. ಅಷ್ಟರಲ್ಲಿ ಅಜ್ಜಿ ಚಹಾ ತಂದರು. “ಇಕಿ ಹೆಸರೂ ಬರ್ಕೊಳ್ರಿ ಸರ್” ಎಂದರು ಮುತ್ಯಾ. ಮಕ್ಕಳು ಬರೆದುಕೊಂಡರು.