ಅಳೆಯಬೇಕಾದ್ದು ಕಥೆಯನ್ನು

ಸಿದ್ದರಬೆಟ್ಟದ ಬುಡದಲ್ಲೇ ನಿಂತು ಮೇಲಿನ ಗುಹೆ ಹೇಗಿದೆಯೆಂದು ಯಾರೂ ವರ್ಣಿಸುವುದಿಲ್ಲ. ಗಂಡು ಗಂಡನ್ನು ಪ್ರೀತಿಸುವ ಕಥೆಯೆಂದರೆ ಮಾತ್ರ, ಬೆನ್ನುಡಿ ಓದಿ ಮುಗಿಸುವುದರೊಳಗೆ ತೀರ್ಪು ತಯಾರು! ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಓದುಗ ಮಿತ್ರರೇ, ವಿಮರ್ಶೆ ಬರೆಯುವ ಮೊದಲು ಪುಸ್ತಕ ಪೂರ್ತಿ ಓದಿ.

ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನದಿಂದಲೇ ಶುರು ಮಾಡಬಹುದು. ಅದು ಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಈ ತಾರೀಖುಗಳನ್ನು ಮರೆತರೆ ಆ ಕಥೆಗಳೊಳಗಿನ ಅಂಜಿಕೆ ಅರ್ಥವಾಗದು. ಜೊತೆಗಿದ್ದ ಪ್ರೇಮಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾದಾಗ ಕಥಾನಾಯಕ ಮೋಹನಸ್ವಾಮಿ ಯಾರ ಮುಂದೆ ಅತ್ತಾನು? ವಿಮರ್ಶಕ ನಿಲ್ಲಬೇಕಾದ್ದು ಅಲ್ಲಿ. ಲೇಖಕರ ಖಾಸಗಿ ಬದುಕನ್ನು ಕೆದಕುವುದು ವಿಮರ್ಶೆಯಲ್ಲ, ಹರಟೆ. ‘ದಿಟ್ಟ ವಸ್ತು’ ಎಂದು ಬೆನ್ನು ತಟ್ಟಿ ಸುಮ್ಮನಾಗುವುದೂ ಸೋಮಾರಿತನವೇ.

ಇನ್ನು ಮಾಯಾಲೋಕದ ಕಾದಂಬರಿಗಳು. ರಾಜಕುಮಾರ ರಾಜಕುಮಾರನನ್ನೇ ಮೆಚ್ಚಿದನೆಂದು ಅಂಕ ಕೂಡಿಸಲೂಬೇಡಿ, ಕಳೆಯಲೂಬೇಡಿ. ಮಂತ್ರಕ್ಕೊಂದು ಕಟ್ಟುಪಾಡಿದೆಯೇ, ಇಲ್ಲ ಕೊನೆಯ ಅಧ್ಯಾಯದಲ್ಲಿ ದಿಢೀರನೆ ಹೊಸ ಶಕ್ತಿ ಉದುರಿತೇ? ಪ್ರೇಮಿಗಳಲ್ಲೊಬ್ಬನನ್ನು ಸುಮ್ಮಸುಮ್ಮನೆ ಸಾಯಿಸಿ ಕಣ್ಣೀರು ತರಿಸಿದ್ದಾರೆಯೇ? ಹಾಗಿದ್ದರೆ ಮುಲಾಜಿಲ್ಲದೆ ಬರೆಯಿರಿ. ಆದರೆ ಅಂತ್ಯವನ್ನು ಬಿಟ್ಟುಕೊಡಬೇಡಿ.

ಕೊನೆಯದಾಗಿ, ಪುಸ್ತಕವನ್ನು ಯಾರಿಂದ ಎರವಲು ತಂದಿರೆಂದು ಎಲ್ಲೂ ಹೇಳಬೇಡಿ. ನಮ್ಮ ಸಣ್ಣ ಊರುಗಳಲ್ಲಿ ಅಷ್ಟು ಸಾಕು, ಮಾತು ಅವರ ಮನೆ ಬಾಗಿಲಿಗೆ ಹೋಗುತ್ತದೆ.